ಈ ಕಾಡು ಯಾರದ್ದು?

ಕಳೆದ ಆಗಸ್ಟಿನಲ್ಲಿ ಸಹೋದ್ಯೋಗಿಯೊಬ್ಬ ಹಣ್ಣು ಕೊಯ್ಯೋಣ ಬಾ ಅಂತ ತನ್ನ ಮಾವನ ಊರಿಗೆ ಕರೆದುಕೊಂಡು ಹೋಗಿದ್ದ. ಫಿನ್ಲೆಂಡಿನ ತಾಂಪೆರೆಯಿಂದ ಒಂದು ಗಂಟೆಯ ದಾರಿ. ಬಕೆಟ್ ಹಿಡಿದು ಮರಗಳ ನಡುವೆ ನುಗ್ಗುವ ಮೊದಲು ನಾನು ಕೇಳಿದ್ದು ಒಂದೇ ಮಾತು: 'ಇದು ಯಾರ ಕಾಡು? ಯಾರೂ ಬೈಯಲ್ವಾ?' ಶಿರಸಿ ಕಡೆಯವನು ನಾನು. ಫಾರೆಸ್ಟ್ ಗಾರ್ಡ್ ಭಯ ಇನ್ನೂ ಹೋಗಿಲ್ಲ.

ಇಲ್ಲಿ ಯಾರದೇ ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು, ಅಣಬೆ ಕೊಯ್ದುಕೊಳ್ಳಬಹುದು. ಆ ಕಾಡು ಅವನ ಮಾವನದ್ದೇ. ಮರ ಮಾರುವುದಕ್ಕೆಂದೇ ಇಟ್ಟ ಕಾಡು. ನಡುನಡುವೆ ಸವರಿ ತೆಗೆದ ಸಣ್ಣ ಮರ ಕಾಗದಕ್ಕೆ, ಉಳಿದು ದಪ್ಪಗಾದದ್ದು ಸಾಮಿಲ್ಲಿಗೆ. ಮಾವನ ಅಪ್ಪ ನೆಟ್ಟ ಸ್ಪ್ರೂಸ್ ಮರಗಳನ್ನು ಈಗ ಮಾವ ಕಡಿಯುತ್ತಿದ್ದಾನೆ. ಕಡಿದ ಜಾಗದಲ್ಲಿ ಮತ್ತೆ ಕಾಡು ಎಬ್ಬಿಸಲೇಬೇಕು, ಕಾನೂನೇ ಇದೆ. ಆದರೆ ನಾನು ಬಾಯಿಬಿಟ್ಟಿದ್ದು ಅದಕ್ಕಲ್ಲ. ಒಂದು ಬರ್ಚ್ ಮರವನ್ನು ಬುಡದಲ್ಲಿ ಕಡಿಯದೆ ಎರಡಾಳೆತ್ತರಕ್ಕೆ ಕತ್ತರಿಸಿ ಬಿಟ್ಟಿದ್ದರು. ಯಾರೋ ಸೋಮಾರಿ ಕೆಲಸದವನು ಅಂದುಕೊಂಡೆ. ಅದು ಮರಕುಟಿಗಕ್ಕಂತೆ! ಕೊಳೆತ ಬೊಡ್ಡೆಯಲ್ಲಿ ಗೂಡು ಮಾಡಲಿ ಅಂತ ಬೇಕೆಂದೇ ಬಿಡ್ತಾರಂತೆ.

ನನಗೆ ಹೊಟ್ಟೆ ಉರಿಯಿತು. ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಕವಳಿ ಹಣ್ಣು, ನೇರಳೆ, ಅಪ್ಪೆಮಿಡಿ ಎಲ್ಲ ಇತ್ತು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಪೂರಾ ಅಕೇಶಿಯಾ, ಹೊರದೇಶದಿಂದ ತಂದ ಬೇಗ ಬೆಳೆಯುವ ಮರ. ಊರಿನವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಗೊಬ್ಬರಕ್ಕೆಂದು ಅದರ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತಂದರೆ ಕೊಟ್ಟಿಗೆಯಲ್ಲಿ ಬೇಗ ಕೊಳೆಯುವುದೂ ಇಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕತೆ ಇನ್ನೂ ವಿಚಿತ್ರ. ಭದ್ರಾವತಿಯ ಕಾಗದದ ಕಾರ್ಖಾನೆಗೆ ನೆಡುತೋಪು ಮಾಡಲು 1980ರಲ್ಲಿ 40 ವರ್ಷಕ್ಕೆ ಅರಣ್ಯಭೂಮಿ ಕೊಟ್ಟರು. ಗುತ್ತಿಗೆ ಮುಗಿದದ್ದು 2020ರಲ್ಲಿ. ಅಷ್ಟೊತ್ತಿಗೆ ಕಾರ್ಖಾನೆಯೇ ನಿಂತು ಹೋಗಿತ್ತು. ಆದರೂ ಗುತ್ತಿಗೆ ಮುಂದುವರಿಸಿದರು! ಅಕೇಶಿಯಾ ಬೇಡ ಅಂತ ಮಲೆನಾಡಿನವರು ಬೀದಿಗೆ ಇಳಿದದ್ದು ಸುಮ್ನೆ ಅಲ್ಲ.

ಇಲ್ಲಿ ಸುಮಾರು 60% ಕಾಡು ಮನೆಮನೆಯವರ ಕೈಯಲ್ಲೇ ಇದೆ. ಒಂದು ಲೆಕ್ಕದಲ್ಲಿ ನಮ್ಮ ಸೊಪ್ಪಿನ ಬೆಟ್ಟದ ಹಾಗೆ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ತೋಟದವರಿಗೆ ಬಿಟ್ಟುಕೊಟ್ಟ ಕಾಡಿನ ಹಾಗೆ. ಮೊಮ್ಮಗನಿಗೂ ಬೇಕು ಅಂತ ಗೊತ್ತಿರುವವನು ಕೊಡಲಿ ಎತ್ತುವ ಮೊದಲು ಲೆಕ್ಕ ಹಾಕ್ತಾನೆ.

ಹಾಗಂತ ಇಲ್ಲಿಯದೇನು ದೇವರಕಾಡಲ್ಲ. ಮೈಲಿಗಟ್ಟಲೆ ನಡೆದರೂ ಮೂರೇ ಜಾತಿಯ ಮರ. ಮರ ಬೆಳೆಸಲೆಂದು ಕಾಲುವೆ ತೋಡಿ ದೇಶದ ಅರ್ಧದಷ್ಟು ಜೌಗು ನೆಲ ಒಣಗಿಸಿದ್ದಾರೆ. ಒಂದೇ ಸಲಕ್ಕೆ ಬೋಳು ಮಾಡಿದ ಜಾಗಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಕಾಡಿನ ಮೇಲೆ ಒತ್ತುವ ಜನವೂ ಇಲ್ಲಿ ಕಡಿಮೆ, ಬರೀ 56 ಲಕ್ಷದಷ್ಟು. ಇನ್ನು ಸೊಪ್ಪು ಕಡಿದು ಕಡಿದು ಬೋಳಾದ ಸೊಪ್ಪಿನ ಬೆಟ್ಟ ನಮ್ಮೂರಲ್ಲೇ ಎರಡಿವೆ, ಅದನ್ನೂ ಹೇಳಬೇಕಲ್ಲ.

ಮೊನ್ನೆ ಫೋನಿನಲ್ಲಿ ಆಯಿಯ (ಅಮ್ಮನ) ಹತ್ತಿರ ಇದನ್ನೆಲ್ಲ ಹೇಳಿ, ಆ ಅಕೇಶಿಯಾ ಅಷ್ಟನ್ನೂ ಕಿತ್ತು ಹಾಕಬೇಕು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರೆ ಹಂಡೆ ಒಲೆಗೆ ಎಂತ ಹಾಕವು?' ಅಂದಳು.