ಕೈಯಾರೆ ತುಂಬುವ ಬೇಟೆ ತೋಟಾಗಳಿಗೆ ಅಪ್ಪಟ ತಾಮ್ರದ ಗುಂಡು ಬೇಕೆ? ಪರ–ವಿರೋಧ

ಪರ: ಗುಂಡು ಬದಲಿಸಿದರೆ ಸಾಲದು, ಈಡನ್ನೇ ಹೊಸದಾಗಿ ಕಟ್ಟಬೇಕು

ತಾಮ್ರದ ಗುಂಡನ್ನು ಬೈಯುವವರಲ್ಲಿ ಬಹಳಷ್ಟು ಜನ ಮಾಡಿರುವುದು ಒಂದೇ ಕೆಲಸ. ಸೀಸದ ಗುಂಡಿಗೆ ಹೊಂದಿಸಿಟ್ಟ ಮದ್ದು, ಅದೇ ಒಟ್ಟು ಉದ್ದ, ಅದೇ ತೂಕ. ಅದಕ್ಕೆ ತಾಮ್ರದ ಗುಂಡು ಕೂರಿಸಿ ಹೊಡೆದು ನೋಡಿದ್ದಾರೆ. ಗುಂಪು (ಗುರಿಹಲಗೆಯ ಮೇಲಿನ ತೂತುಗಳ ಗೊಂಚಲು) ಚದುರಿತು, ಬೋಲ್ಟ್ (ಚೇಂಬರು ಮುಚ್ಚುವ ಅಗುಳಿ) ಎತ್ತಲು ಬಿಗಿಯಾಯಿತು, ಡಬ್ಬಿ ಮೂಲೆ ಸೇರಿತು.

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ತೂಕ ಒಂದೇ ಆದರೂ ತಾಮ್ರದ ಗುಂಡು ಉದ್ದ ಎಂದಾಯಿತು. ಆ ಹೆಚ್ಚುವರಿ ಉದ್ದ ಕೇಸಿನೊಳಗೆ (ಮದ್ದು ತುಂಬುವ ಲೋಹದ ಚಿಪ್ಪಿನೊಳಗೆ) ಇಳಿದು ಮದ್ದಿನ ಜಾಗ ತಿನ್ನುತ್ತದೆ. ಜೊತೆಗೆ, ಒಳಗೆ ಮೆತ್ತನೆಯ ಸೀಸವಿರುವ ಗುಂಡು ರೈಫ್ಲಿಂಗಿಗೆ (ನಳಿಗೆಯೊಳಗಿನ ಸುರುಳಿ ಗೀರುಗಳಿಗೆ) ಬಗ್ಗಿದಷ್ಟು ಸಲೀಸಾಗಿ ತಾಮ್ರ ಬಗ್ಗುವುದಿಲ್ಲ. ಎರಡೂ ಸೇರಿದರೆ ಒತ್ತಡ ಏರುತ್ತದೆ. ಗುಂಡಿನ ಮೈಮೇಲೆ ಉಂಗುರದಂಥ ಗೀರುಗಳನ್ನು ಕೊರೆದಿರುವುದು ಅಂದಕ್ಕಲ್ಲ. ರೈಫ್ಲಿಂಗ್ ಒತ್ತಿದಾಗ ಸರಿಯುವ ತಾಮ್ರಕ್ಕೆ ಅಲ್ಲಿ ಜಾಗ ಸಿಗುತ್ತದೆ. ಬಾರ್ನ್ಸ್ ಕಂಪನಿಯ ಮೊದಮೊದಲ ಎಕ್ಸ್ ಗುಂಡುಗಳಿಗೆ ಈ ಗೀರುಗಳಿರಲಿಲ್ಲ, ನಳಿಗೆಗೆ ತಾಮ್ರ ಮೆತ್ತಿಕೊಳ್ಳುತ್ತಿತ್ತು. ಇಂದಿನ ಗುಂಡುಗಳೂ ಆ ಕೆಟ್ಟ ಹೆಸರನ್ನೇ ಹೊತ್ತುಕೊಂಡು ತಿರುಗುತ್ತಿವೆ.

ಮೊದಲು ತೂಕ ಇಳಿಸಿ. .308 ತೋಟಾದಲ್ಲಿ 165 ಗ್ರೇನ್ (ಗುಂಡು, ಮದ್ದಿನ ತೂಕದ ಅಳತೆ) ಹೊಡೆಯುತ್ತಿದ್ದವರು 130 ಅಥವಾ 150ಕ್ಕೆ ಬನ್ನಿ; .243ರಲ್ಲಿ 100 ಇದ್ದದ್ದು 80–85 ಆಗಲಿ. ಹಗುರವಾಯಿತೆಂದು ಅಂಜಬೇಕಿಲ್ಲ. ಸಾಮಾನ್ಯ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಸೀಸ ಕಾಣುವ ಗುಂಡು) ಮೈಯೊಳಗೆ ತೂಕದ ದೊಡ್ಡ ಪಾಲನ್ನೇ ಉದುರಿಸಿಕೊಳ್ಳುತ್ತದೆ. ತಾಮ್ರದ್ದು ಮೂತಿ ಸೀಳಿ ಹೂವಿನಂತೆ ದಳ ಬಿಚ್ಚಿಕೊಂಡರೂ ಬಹುತೇಕ ಇಡಿಯಾಗಿಯೇ ಉಳಿಯುತ್ತದೆ. ಹಗುರವಾದಷ್ಟೂ ವೇಗ ಹೆಚ್ಚು, ದಳ ಬಿಚ್ಚಲು ಬೇಕಾದದ್ದೂ ಅದೇ ವೇಗ.

ಆಮೇಲೆ ನಳಿಗೆ. ಬಟ್ಟೆಯ ತುಂಡಿನಲ್ಲಿ ನೀಲಿ ಬಣ್ಣ ಕಾಣದಾಗುವವರೆಗೆ ತಾಮ್ರ ಕರಗಿಸುವ ದ್ರಾವಣದಲ್ಲಿ ತೊಳೆಯಿರಿ. ಹಳೆಯ ಗುಂಡುಗಳ ಜಾಕೆಟ್‌ (ಸೀಸದ ಮೇಲಿನ ಲೋಹದ ಹೊದಿಕೆ) ಬಿಟ್ಟ ಲೇಪ ಉಳಿದಿದ್ದರೆ ಅದರ ಮೇಲೆ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ಗುಂಡು ರೈಫ್ಲಿಂಗಿಗೆ ಮುಟ್ಟುವ ಉದ್ದವನ್ನು ನಿಮ್ಮ ಚೇಂಬರಿನಲ್ಲಿ, ಇದೇ ಗುಂಡಿನಿಂದ ಅಳೆಯಿರಿ. ಅಳತೆ ತುದಿಯಿಂದ ಬೇಡ, ಕಂಪ್ಯಾರೇಟರ್ ಎಂಬ ಅಳತೆ ಸಾಧನ ಹಿಡಿದು ಓಜೈವ್‌ನಿಂದ (ಗುಂಡಿನ ಮೂತಿಯ ಬಾಗಿದ ಭಾಗದಿಂದ) ಆಗಲಿ. ಅಲ್ಲಿಂದ 0.050 ಇಂಚು ಹಿಂದೆ ಕೂರಿಸುವುದು ಒಳ್ಳೆಯ ಆರಂಭ. ಸೀಸದ ಗುಂಡನ್ನು ರೈಫ್ಲಿಂಗಿಗೆ ತಾಗಿಸಿಯೇ ಕೂರಿಸಿ ರೂಢಿಯಿದ್ದವರಿಗೆ ಇದು ಕಸಿವಿಸಿ ಎನಿಸಬಹುದು, ಆದರೆ ತಾಮ್ರಕ್ಕೆ ಈ ನೆಗೆತ (ರೈಫ್ಲಿಂಗಿಗೆ ಮುಟ್ಟುವ ಮುನ್ನಿನ ಅಂತರ) ಬೇಕು. ತಾಗಿಸಿ ಕೂರಿಸಿದರೆ ಒತ್ತಡ ಒಮ್ಮೆಲೇ ಜಿಗಿಯುತ್ತದೆ.

ಮದ್ದಿನ ಲೆಕ್ಕ ಅದೇ ಗುಂಡಿಗೆಂದು ಅಚ್ಚಾದ ಪಟ್ಟಿಯಿಂದಲೇ ಬರಬೇಕು. ಪಟ್ಟಿಯ ಕನಿಷ್ಠದಿಂದ ಶುರುಮಾಡಿ, .308ರ ಗಾತ್ರದ ಕೇಸಿನಲ್ಲಿ 0.3ರಿಂದ 0.5 ಗ್ರೇನ್ ಹೆಜ್ಜೆಯಲ್ಲಿ ಏರಿ, ಪ್ರತಿ ಹೆಜ್ಜೆಯನ್ನೂ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಮೇಲೆ ಹೊಡೆಯಿರಿ. ಬೋಲ್ಟ್ ಬಿಗಿತ, ಕೇಸಿನ ತಳದಲ್ಲಿ ಎಜೆಕ್ಟರಿನ (ಖಾಲಿ ಕೇಸು ಹೊರಗೆಸೆಯುವ ಭಾಗದ) ಹೊಳಪು ಗುರುತು, ಚಪ್ಪಟೆಯಾದ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಕಂಡರೆ ಅಲ್ಲಿಗೇ ನಿಲ್ಲಿಸಿ. ಇವು ಯಾವುವೂ ಕಾಣದೆ ವೇಗ ಮಾತ್ರ ಪಟ್ಟಿಯ ಗರಿಷ್ಠವನ್ನು ದಾಟಿದೆಯೇ? ಒತ್ತಡವೂ ದಾಟಿದೆ ಎಂದೇ ತಿಳಿಯಿರಿ. ಮದ್ದು ಗೊತ್ತಾದ ಮೇಲೆ ಅದನ್ನು ಮುಟ್ಟದೆ, ನೆಗೆತವನ್ನು ಮಾತ್ರ 0.020 ಇಂಚಿನಂತೆ ಹೆಚ್ಚಿಸುತ್ತ ಗುಂಪು ನೋಡಿ. ಚದುರಿದ್ದ ಗುಂಪು ಬಿಗಿಯಾಗುವುದು ಸಾಮಾನ್ಯವಾಗಿ ಇಲ್ಲಿ, ಮದ್ದಿನಲ್ಲಿ ಅಲ್ಲ.

ಸಣ್ಣಪುಟ್ಟದ್ದೂ ಕಾಡುತ್ತದೆ. ಕೇಸಿನ ಬಾಯಿಯ ಒಳಅಂಚನ್ನು ಸವರದಿದ್ದರೆ ಗುಂಡು ಕೂರುವಾಗ ತಾಮ್ರದ ಎಳೆ ಸುಲಿದು ಬರುತ್ತದೆ. ಗುಂಡು ಕೂರಿಸುವ ಅಚ್ಚಿನ (ಡೈ) ಕಡ್ಡಿ ಗುಂಡಿನ ಪ್ಲಾಸ್ಟಿಕ್ ತುದಿಯನ್ನು ಒತ್ತುತ್ತಿದ್ದರೆ ಒಂದೊಂದು ತೋಟಾದ ಉದ್ದವೂ ಬೇರೆಯಾಗುತ್ತದೆ. ಓಜೈವ್ ಮೇಲೆ ಕೂರುವ ಕಡ್ಡಿ ಹಾಕಿಸಿ.

ಇಷ್ಟೆಲ್ಲ ಯಾಕೆಂದರೆ, ಸೀಸದ ಗುಂಡು ಬಿದ್ದ ಜಿಂಕೆಯ ಎಕ್ಸ್‌ರೇಯಲ್ಲಿ ಚೂರುಗಳು ಗಾಯದ ಹಾದಿಯಿಂದ ದೂರ ಹರಡಿರುತ್ತವೆ. ಕಣ್ಣಿಗೆ ಕಾಣದ, ಹಲ್ಲಿಗೆ ಸಿಗದ ಚೂರುಗಳವು, ತಟ್ಟೆಗೂ ಬರುತ್ತವೆ. ಕಾಡಿನಲ್ಲಿ ಬಿಟ್ಟ ಕರುಳನ್ನು ತಿನ್ನುವ ಹದ್ದುಗಳ ಹೊಟ್ಟೆಗೂ ಹೋಗುತ್ತವೆ. 1982ರಲ್ಲಿ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್‌ ಎಂಬ ದೊಡ್ಡ ರಣಹದ್ದುಗಳಿಗೆ ಇಂದಿಗೂ ದೊಡ್ಡ ಕಂಟಕ ಸೀಸವೇ. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಮದ್ದುಗುಂಡು ನಿಷಿದ್ಧ. ಡೆನ್ಮಾರ್ಕ್ 2024ರ ಏಪ್ರಿಲ್‌ನಲ್ಲಿ ಬೇಟೆಯ ರೈಫಲ್ ಗುಂಡಿಗೂ ನಿಷೇಧ ತಂದಿತು.

ವಿರೋಧ: ಎಲ್ಲ ನಳಿಗೆಗೂ, ಎಲ್ಲ ದೂರಕ್ಕೂ ಒಂದೇ ಗುಂಡಲ್ಲ

ಕಾನೂನು ಹೇಳಿದ ಕಡೆ ಚರ್ಚೆಯೇ ಇಲ್ಲ, ತಾಮ್ರವೇ ಹೊಡೆಯಬೇಕು. ಆಯ್ಕೆ ಇರುವ ಕಡೆ ಮಾತ್ರ ಈ ವಾದ.

ಮೊದಲನೆಯದು ವೇಗ. ತಾಮ್ರದ ಗುಂಡಿನ ಮೂತಿಯ ತೂತಿಗೆ ನೀರು, ಮಾಂಸ ನುಗ್ಗಿ ಒಳಗಿಂದ ಸೀಳಿದರೆ ಮಾತ್ರ ದಳ ಬಿಚ್ಚುತ್ತದೆ. ಅದಕ್ಕೆ ಬಹುತೇಕ ಗುಂಡುಗಳಿಗೆ ತಾಗುವ ಹೊತ್ತಿನಲ್ಲಿ ಸೆಕೆಂಡಿಗೆ 1,800ರಿಂದ 2,000 ಅಡಿ ವೇಗ ಬೇಕು. ಅದಕ್ಕಿಂತ ಕೆಳಗಿಳಿದರೆ, ಅಥವಾ ತೂತಿಗೆ ಮೂಳೆ ಚೂರು ಸಿಕ್ಕಿಕೊಂಡರೆ, ಗುಂಡು ಪೆನ್ಸಿಲ್ಲಿನಷ್ಟು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಓಡುತ್ತದೆ, ನೆತ್ತರ ಜಾಡೂ ತೆಳು. ಸಾಫ್ಟ್ ಪಾಯಿಂಟ್ ಅದೇ ವೇಗದಲ್ಲೂ ಅಣಬೆಯಾಗಿ ಅರಳುತ್ತದೆ.

.30-30 ತೋಟಾದಲ್ಲಿ 170 ಗ್ರೇನ್ ಗುಂಡು ನಳಿಗೆ ಬಿಡುವುದೇ ಸುಮಾರು 2,200 ಅಡಿ ವೇಗದಲ್ಲಿ. ಗಿಡ್ಡ ನಳಿಗೆಯವರ ಕಥೆಯೂ ಇದೇ. ನಿಧಾನ ವೇಗಕ್ಕೆಂದೇ ಮಾಡಿದ ತಾಮ್ರದ ಗುಂಡುಗಳು ಇವೆ, ನಿಜ. ಆದರೆ ಅವು ಇರುವ ಕ್ಯಾಲಿಬರ್ ಕೆಲವೇ ಕೆಲವು. ಉಳಿದವರು ತಮ್ಮ ಗುಂಡು 2,000 ಅಡಿಗೆ ಇಳಿಯುವ ದೂರವನ್ನು ಲೆಕ್ಕ ಹಾಕಿ, ಅದರಾಚೆ ಟ್ರಿಗರ್ ಮುಟ್ಟದಿರುವುದೇ ಸರಿ. ಎಷ್ಟು ಜನ ಹಾಗೆ ಮಾಡುತ್ತಾರೆ?

ಎರಡನೆಯದು ನಳಿಗೆಯ ಸುತ್ತು, ಅಂದರೆ ರೈಫ್ಲಿಂಗಿನ ತಿರುವು; 1:12 ಎಂದರೆ 12 ಇಂಚಿಗೆ ಒಂದು ಸುತ್ತು. ಉದ್ದದ ಗುಂಡಿಗೆ ಬಿಗಿ ಸುತ್ತು ಬೇಕು. 1955ರಲ್ಲಿ ರೆಮಿಂಗ್ಟನ್ .244ಕ್ಕೆ 1:12 ಸುತ್ತು ಕೊಟ್ಟು ಭಾರದ ಗುಂಡು ಹಿಡಿಸದೆ ಪೇಚಿಗೆ ಸಿಕ್ಕಿದ್ದು ಗೊತ್ತಿರುವ ಸಂಗತಿ. ಮುಂದೆ ಅದೇ ಕೇಸನ್ನು 6 ಎಂಎಂ ಎಂದು 1:9ರಲ್ಲಿ ಮಾರಬೇಕಾಯಿತು. ಅಂಥ ಹಳೆಯ ನಳಿಗೆಗಳು, 1:12ರ .223ಗಳು ಇನ್ನೂ ಬಳಕೆಯಲ್ಲಿವೆ. ಗುಂಡು ಓಲಾಡದೆ ಹಾರುವುದನ್ನು ಅಳೆಯುವ ಸ್ಥಿರತೆಯ ಅಂಕ 1.5 ಇರಬೇಕು ಎನ್ನುತ್ತಾರೆ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಹೊಂದಿಸಿದ ಈಡಿಗೆ ಅದು ಸಿಕ್ಕರೂ, ಚಳಿಗಾಲದಲ್ಲಿ ತಗ್ಗಿನ ದಟ್ಟ ಗಾಳಿಗೆ ಕುಸಿಯುತ್ತದೆ. ಬೇಟೆ ಇರುವುದು ಹೆಚ್ಚಾಗಿ ಆಗಲೇ.

ತೂಕ ಉಳಿಸಿಕೊಳ್ಳುತ್ತದೆ ಎಂಬ ಹೊಗಳಿಕೆಗೂ ಇನ್ನೊಂದು ಮುಖವಿದೆ. ಇಡಿಯಾಗಿ ಆಚೆ ಬರುವ ಗುಂಡು ಹಿಂದೆ ನಿಂತ ಪ್ರಾಣಿಗೂ ತಗಲುತ್ತದೆ. ಹಿಂಡಿನಲ್ಲಿ ಹೊಡೆಯುವಾಗ ಇದು ಸಣ್ಣ ಮಾತಲ್ಲ. ಪಕ್ಕೆಗೆ ಹೊಡೆದರೆ ಬೇಗ ಬೀಳುವುದಿಲ್ಲ, ಭುಜದ ಮೂಳೆಗೇ ಹೊಡೆಯಿರಿ ಎಂದು ತಾಮ್ರದವರೇ ಹೇಳಿಕೊಡುತ್ತಾರೆ. ಅಲ್ಲಿ ಹಾಳಾಗುವ ಮಾಂಸದ ಲೆಕ್ಕ ಮಾತ್ರ ಯಾರೂ ಹೇಳುವುದಿಲ್ಲ.

ಸೀಸದ ಚೂರಿನ ಭಯ ಸುಳ್ಳಲ್ಲ. ಆದರೆ ಸೀಸವನ್ನು ಜಾಕೆಟ್ಟಿಗೆ ಬೆಸೆದ ಬಾಂಡೆಡ್ ಗುಂಡು ಸಾಮಾನ್ಯ ಸಾಫ್ಟ್ ಪಾಯಿಂಟ್‌ಗಿಂತ ಕಡಿಮೆ ಚೂರು ಉದುರಿಸುತ್ತದೆ. ಪೂರ್ತಿ ಇಲ್ಲವಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹಾಗಾಗಿ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಮಕ್ಕಳು, ಗರ್ಭಿಣಿಯರು ಇರುವ ಮನೆಗೆ ಆ ಭಾಗದ ಕೈಮಾ ಬೇಡವೇ ಬೇಡ, ಕರುಳನ್ನು ಅಲ್ಲೇ ಬಿಡದೆ ಆಳವಾಗಿ ಹೂಳಿ ಅಥವಾ ಹೊತ್ತು ತನ್ನಿ.

ಇಷ್ಟಾದ ಮೇಲೂ ತಾಮ್ರವೇ ಬೇಕೆನಿಸಿದರೆ, ವರ್ಷಕ್ಕೆ ನಾಲ್ಕೈದು ಗುಂಡು ಹೊಡೆಯುವವರು ಕಾರ್ಖಾನೆಯ ತಾಮ್ರದ ತೋಟಾ ಎರಡು ಬಗೆಯದ್ದು ತಂದು, ನಳಿಗೆ ತೊಳೆದು, ಯಾವುದು ಹೊಂದುತ್ತದೋ ಅದನ್ನು ಇಟ್ಟುಕೊಳ್ಳುವುದು ಸುಲಭ. ನೆಗೆತ ಹುಡುಕುತ್ತ ಡಬ್ಬಿಗಟ್ಟಲೆ ದುಬಾರಿ ಗುಂಡು ಖಾಲಿ ಮಾಡುವ ಕೆಲಸ, ಗುರಿಹಲಗೆಯ ಮುಂದೆ ಕೂರುವುದೇ ಇಷ್ಟವಾದವರಿಗೆ ಇರಲಿ.