ಹೆಸರು ಬಿತ್ತಿದರಷ್ಟೇ ಸಾಲದು, ಸೊಪ್ಪು ಹೊಲದಲ್ಲೇ ಉಳಿಯಬೇಕು

ಗದಗ, ನರಗುಂದ, ನವಲಗುಂದದ ಎರೆ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಅದು ಕೈಗೆ ಬಂದ ಮೇಲೆ ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ಹಾಕುವುದು ರೂಢಿ. ಹೆಸರಿನ ಹಿಂದೆ ಜೋಳ ಚಲೋ ಬರುತ್ತದೆ ಎಂಬ ಮಾತು ನಿಜ; ಆದರೆ ನಾವು ಈಗ ಹೆಸರು ಬೆಳೆಯುವ ರೀತಿಯಲ್ಲಿ ಅದು ಅರ್ಧ ಮಾತ್ರ ನಿಜವಾಗಿ ಉಳಿದಿದೆ ಎಂಬುದು ನನ್ನ ಅಭಿಪ್ರಾಯ.

ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಜಗ್ಗದೆ ಮಣ್ಣು ಸಮೇತ ಸಲಿಕೆಯಿಂದ ಎತ್ತಿ, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪು ಕಂಡರೆ ಅದು ಕೆಲಸ ಮಾಡುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಇಲ್ಲ. ಯೂರಿಯಾ ಹೆಚ್ಚು ಸುರಿದ ಹೊಲದಲ್ಲಿ ಗಂಟುಗಳೇ ಕಡಿಮೆ, ಏಕೆಂದರೆ ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕಾಗ ಗಿಡ ಆ ಜೀವಿಯನ್ನು ಸಾಕಲು ಹೋಗುವುದಿಲ್ಲ. ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಲೇಪಿಸುವ ಅಣುಜೀವಿ ಗೊಬ್ಬರವೂ ಆಯಾ ಬೆಳೆಯದ್ದೇ ಆಗಿರಬೇಕು. ಶೇಂಗಾದ್ದು ಕಡಲೆಗೆ ನಡೆಯದು.

ಇಷ್ಟೆಲ್ಲ ಸರಿಯಾದರೂ ಕಾಳು ಕಟ್ಟುವಾಗ ಗಿಡದ ಸಾರಜನಕದ ದೊಡ್ಡ ಪಾಲು ಕಾಳಿಗೇ ಸೇರುತ್ತದೆ. ಕಾಳು ಮಾರಿ, ಹೊಟ್ಟನ್ನೂ ಮಾರಿ, ಉಳಿದ ಕಸವನ್ನು ಬದುವಿನಲ್ಲಿ ಸುಟ್ಟರೆ ಮಣ್ಣಿಗೆ ದಕ್ಕುವುದು ಬೇರು ಮತ್ತು ಉದುರಿದ ಎಲೆ ಮಾತ್ರ. ಹೊಟ್ಟನ್ನು ದನಕ್ಕೆ ಹಾಕುವುದು ತಪ್ಪಲ್ಲ, ತಿಪ್ಪೆಯ ಗೊಬ್ಬರ ಅದೇ ಹೊಲಕ್ಕೆ ಮರಳುವುದಾದರೆ. ಶೇಂಗಾ ಕೀಳುವಾಗಲಂತೂ ಬೇರಿನ ಹೆಚ್ಚಿನ ಭಾಗವೂ ಬಳ್ಳಿಯ ಜೊತೆಗೇ ಹೊರಬರುತ್ತದೆ.

ಹಾವೇರಿ, ರಾಣೆಬೆನ್ನೂರು ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳಲ್ಲಿ ವರ್ಷದ ಮೇಲೆ ವರ್ಷ ಗೋವಿನಜೋಳವೇ (ಮೆಕ್ಕೆಜೋಳ) ಕಾಣುತ್ತದೆ. ಅದರ ನಡುವೆ ತೊಗರಿಯ ಸಾಲು ಹಾಕಿದರೂ ಆಳಕ್ಕಿಳಿಯುವ ಬೇರು, ಉದುರುವ ಎಲೆ ಎರಡೂ ಮಣ್ಣಿಗೆ ಸಿಗುತ್ತವೆ. ತೀರ ಸತ್ವಗೆಟ್ಟ ಹೊಲಕ್ಕೆ ಹಸಿರೆಲೆ ಗೊಬ್ಬರವಾಗಿ ಸೆಣಬು ಬಿತ್ತಿ, ಹೂ ಕಾಣುತ್ತಲೇ, ಅಂದರೆ ಸುಮಾರು 45-50 ದಿನಕ್ಕೆ, ಹಸಿ ಇರುವಾಗಲೇ ಮಣ್ಣಿಗೆ ಸೇರಿಸಬೇಕು. ಕಾಂಡ ಬಲಿತರೆ ಕೊಳೆಯಲು ತಡವಾಗುತ್ತದೆ. ಕೊಳೆಸುವ ಜೀವಿಗಳು ಅಲ್ಲಿಯವರೆಗೆ ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ.

ಇದನ್ನೆಲ್ಲ ರೈತನಿಗೆ ಉಪದೇಶವಾಗಿ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ ಎಂದು ಘೋಷಣೆಯಾಯಿತು. ಆದರೆ ಸಾಲದ ಕಂತು ಎದುರಿಗಿರುವಾಗ, ಮಳೆಗೆ ತೋಯ್ದ ಕಾಳನ್ನು ಖರೀದಿ ಕೇಂದ್ರ ತೆರೆಯುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಸಣ್ಣ ರೈತನಿಗಿಲ್ಲ. ಸಿಕ್ಕ ಬೆಲೆಗೆ ಮಾರಿದವನು ಹೊಟ್ಟನ್ನೂ ಮಾರುತ್ತಾನೆ, ಮುಂದಿನ ವರ್ಷ ಗೋವಿನಜೋಳಕ್ಕೆ ಹೊರಳುತ್ತಾನೆ. ಆದ್ದರಿಂದ ಹೆಸರಿನ ಖರೀದಿ ಆಗಸ್ಟ್ ಕೊನೆಯಲ್ಲಿ, ರಾಶಿ ನಡೆಯುತ್ತಿರುವಾಗಲೇ ಆರಂಭವಾಗಬೇಕೆಂದು ನಮ್ಮ ಜಿಲ್ಲೆಗಳ ಶಾಸಕರನ್ನು ಈಗಿನಿಂದಲೇ ಒತ್ತಾಯಿಸೋಣ.