ಗೂಬೆ ಕೂತ ಮನೆ

ನಮ್ಮ ಆಫೀಸಿನ ಟಾಯ್ಲೆಟ್ಟಿನಲ್ಲಿ ಕೂತವರು ಆಗಾಗ ಎರಡೂ ಕೈ ಮೇಲೆತ್ತಿ ಬೀಸುತ್ತಾರೆ. ಭಕ್ತಿಯಿಂದಲ್ಲ. ಅಲ್ಲಿರುವುದು ಬುದ್ಧಿವಂತ ದೀಪ. ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ ಅಂತ ತೀರ್ಮಾನಿಸಿ ಆರಿಹೋಗುತ್ತದೆ. ಅಲ್ಲಿಗೆ ಜನ ಬರುವುದೇ ಅಲುಗಾಡದೆ ಕೂರುವುದಕ್ಕೆ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಕತ್ತಲಾದ ಕೂಡಲೇ ಮೂರು ಬಾಗಿಲುಗಳ ಹಿಂದೆ ಮೂರು ಜನ, ಊರಿಗೆ ಹೊರಟ ಅಜ್ಜಿಗೆ ಟಾಟಾ ಮಾಡುವ ಹಾಗೆ, ಕೈ ಬೀಸುತ್ತಾರೆ.

ಆಮೇಲೆ ಮೂವರೂ ಕೈ ತೊಳೆದುಕೊಂಡು ತಮ್ಮ ಸೀಟಿಗೆ ಹೋಗುತ್ತಾರೆ. ಅಲ್ಲಿ ಅವರ ಕೆಲಸ ಏನು ಗೊತ್ತಾ? ಬಳಕೆದಾರನ ಸಂದರ್ಭವನ್ನು ಅರ್ಥ ಮಾಡಿಕೊಳ್ಳುವ ಕಂಪ್ಯೂಟರ್ ಕಟ್ಟುವುದು. ಆ ಮೂವರಲ್ಲಿ ನಾನೂ ಒಬ್ಬ.

ಈ ಹುಚ್ಚು ಇವತ್ತಿನದಲ್ಲ. 1991ರಲ್ಲಿ ಜೆರಾಕ್ಸ್ ಕಂಪನಿಯ ಮಾರ್ಕ್ ವೈಸರ್, ಮುಂದೆ ಕಂಪ್ಯೂಟರುಗಳು ಗೋಡೆ, ಮೇಜು, ಬಾಗಿಲುಗಳಲ್ಲಿ ಕರಗಿಹೋಗಿ ನಮ್ಮ ಕಣ್ಣಿಗೇ ಬೀಳುವುದಿಲ್ಲ ಅಂತ ಬರೆದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ ಎಲ್ಲರೂ ಎದೆಗೊಂದು ಬ್ಯಾಡ್ಜ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. 15 ಸೆಕೆಂಡಿಗೊಮ್ಮೆ ಅದು 'ಇಲ್ಲಿದ್ದೇನೆ' ಅಂತ ಸಂಕೇತ ಬಿಡುತ್ತಿತ್ತು. ನಿಮಗೆ ಫೋನ್ ಬಂದರೆ ನೀವಿರುವ ಕೋಣೆಗೇ ಕಳಿಸುತ್ತಿದ್ದರು. ಅದು ಸರಳ. ಮನುಷ್ಯ ಎಲ್ಲಿದ್ದಾನೆ ಅಂತ ಮಾತ್ರ ಕೇಳುತ್ತಿತ್ತು. ಏನು ಮಾಡುತ್ತಿದ್ದಾನೆ ಅಂತ ಕೇಳಲು ಹೋಗಿದ್ದೇ ಎಡವಟ್ಟಾಯಿತು.

ಸಂದರ್ಭ ಅಂದರೇನು ಅನ್ನುವುದಕ್ಕೆ ಅನಿಂದ್ ಡೇ ಮತ್ತು ಗ್ರೆಗರಿ ಅಬೌಡ್ ಎಂಬ ಕಂಪ್ಯೂಟರ್ ಸಂಶೋಧಕರು ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಎಲ್ಲರೂ ಉದ್ಧರಿಸುತ್ತಾರೆ. ಒಬ್ಬ ವ್ಯಕ್ತಿಯ, ಜಾಗದ ಅಥವಾ ವಸ್ತುವಿನ ಪರಿಸ್ಥಿತಿಯನ್ನು ತಿಳಿಯಲು ಬಳಸಬಹುದಾದ ಯಾವುದೇ ಮಾಹಿತಿ ಸಂದರ್ಭವೇ ಅನ್ನುವುದು ಅದರ ಸಾರಾಂಶ. ಯಾವುದೇ! ನಮ್ಮ ಸೋದರತ್ತೆ ಮದುವೆ ಮನೆಗಳಲ್ಲಿ ಸಂಗ್ರಹಿಸುವುದೂ ಇದನ್ನೇ. ಅವರಿಗೆ ಸರ್ವರ್ ಬೇಕಾಗಿಲ್ಲ, ಅಷ್ಟೇ.

ಈ 'ಯಾವುದೇ' ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಲು ಒಂದು ಪಟ್ಟಿ ಬೇಕಲ್ಲ? ಅದೇ ಆಂಟಾಲಜಿ. ಲೋಕದಲ್ಲಿ ಏನೇನಿದೆ, ಯಾವುದು ಯಾವುದರ ಜಾತಿ, ಯಾವುದಕ್ಕೆ ಯಾವುದು ಸಂಬಂಧ ಅಂತ ಬರೆದಿಡುವ ವಂಶಾವಳಿ. ತತ್ವಶಾಸ್ತ್ರದವರು ಎರಡು ಸಾವಿರ ವರ್ಷ ತಲೆ ಕೆಡಿಸಿಕೊಂಡು ಬಿಟ್ಟ ಕೆಲಸವನ್ನು ನಮಗೆ ಮುಂದಿನ ತಿಂಗಳ ರಿಲೀಸ್‌ಗೆ ಮುಗಿಸಿಕೊಡಿ ಅಂದಿದ್ದಾರೆ.

ಇದನ್ನು ಬರೆಯುವ ಭಾಷೆ 2004ರಲ್ಲಿ ಅಧಿಕೃತವಾಯಿತು. ವೆಬ್ ಆಂಟಾಲಜಿ ಲ್ಯಾಂಗ್ವೇಜ್ ಅಂತ ಹೆಸರು. ಅಕ್ಷರಗಳನ್ನು ಸರಿಯಾಗಿ ಜೋಡಿಸಿದರೆ 'ವೋಲ್' ಆಗಬೇಕಿತ್ತು. ಅವರು ಅಕ್ಷರಗಳನ್ನು ಹಿಂದುಮುಂದು ಮಾಡಿ 'ಔಲ್' ಅಂದರು. ಅಂದರೆ ಗೂಬೆ. ಅವರ ಕಡೆ ಗೂಬೆ ಜಾಣ ಹಕ್ಕಿ. ನಮ್ಮ ಕಡೆ ಗೂಬೆ ಮನೆ ಮೇಲೆ ಕೂತರೆ ಶಾಂತಿ ಮಾಡಿಸುತ್ತಾರೆ. ನಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅದು ಗೂಬೆ ಕೂರಿಸುವುದು. ಇಷ್ಟು ವರ್ಷ ಅದರ ಜೊತೆ ಬಾಳಿದ ಮೇಲೆ ನನಗಂತೂ ನಮ್ಮ ಹಿರಿಯರ ಅರ್ಥವೇ ಸರಿ ಅನ್ನಿಸುತ್ತಿದೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಈ ಗೂಬೆಯನ್ನು ಇಟ್ಟುಕೊಂಡು ಬುದ್ಧಿವಂತ ಮೀಟಿಂಗ್ ಕೋಣೆ ಕಟ್ಟಿದರು. ಯಾರು ಬಂದರು, ಯಾರು ಮಾತಾಡುವವರು ಅಂತ ಕೋಣೆಯೇ ಊಹಿಸಿ, ದೀಪ ಮಂದ ಮಾಡಿ, ಸ್ಲೈಡ್ ತೋರಿಸಬೇಕು. ಆ ವ್ಯವಸ್ಥೆಗೆ ಕೋಬ್ರಾ ಅಂತ ಹೆಸರಿಟ್ಟರು. ಗೂಬೆ ಆಯ್ತು, ನಾಗರಹಾವೂ ಬಂತು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುವುದೊಂದು ಬಾಕಿ. ಅವರದ್ದೇ ಗುಂಪಿನ ಇನ್ನೊಂದು ಆಂಟಾಲಜಿಯ ಹೆಸರು ಸೂಪಾ. ನಮಗೆ ಸೂಪಾ ಅಂದರೆ ಕಾಳಿ ನದಿಯ ಅಣೆಕಟ್ಟು. ಅದಾದರೂ ಕರೆಂಟ್ ಕೊಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಸಿಂಗಪುರದವರ ಕೊನಾನ್ ಅನ್ನುವ ಆಂಟಾಲಜಿ. 2004ರದ್ದೇ. ಅದರಲ್ಲಿ ಮನೆಯ ಉದಾಹರಣೆ ಕೊಟ್ಟು ನಿಯಮಗಳನ್ನು ಬರೆದಿದ್ದರು. ಮನುಷ್ಯ ಬಚ್ಚಲಲ್ಲಿದ್ದಾನೆ, ಬಾಗಿಲು ಹಾಕಿದೆ, ವಾಟರ್ ಹೀಟರ್ ಆನ್ ಆಗಿದೆ ಅಂದರೆ ಸ್ನಾನ ಮಾಡುತ್ತಿದ್ದಾನೆ ಅಂತ ಅರ್ಥ. ಓದಲು ಚೆನ್ನಾಗಿದೆ ಅಲ್ವಾ? ಇದನ್ನು ನಮ್ಮ ಮನೆಗೆ ತನ್ನಿ. 'ಗೀಸರ್ ಆಫ್ ಮಾಡಿ ಸ್ನಾನ ಮಾಡೋ, ಶಾಕ್ ಹೊಡೆಯುತ್ತೆ' ಅಂತ ಅಮ್ಮ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದಾರೆ. ನಾವು ಆಫ್ ಮಾಡಿಯೇ ಒಳಗೆ ಹೋಗುವುದು. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಸ್ನಾನವನ್ನೇ ಮಾಡಿಲ್ಲ.

ಅಡುಗೆಮನೆಯಲ್ಲಿ ಮನುಷ್ಯ ಇದ್ದು, ಎಲೆಕ್ಟ್ರಿಕ್ ಓವನ್ ಆನ್ ಆಗಿದ್ದರೆ ಅಡುಗೆ ನಡೆಯುತ್ತಿದೆ ಅಂತ. ನಮ್ಮ ಓವನ್ನಿನಲ್ಲಿ ದೋಸೆ ಹೆಂಚು, ಬಾಣಲೆ, ಹೋದ ವರ್ಷದ ಅರಿಶಿನದ ಡಬ್ಬಿ ಇವೆ. ಅಂದರೆ ನಾವು ಸ್ನಾನವನ್ನೂ ಮಾಡಿಲ್ಲ, ಊಟವನ್ನೂ ಕಂಡಿಲ್ಲ. ಮಲಗುವ ಕೋಣೆಯಲ್ಲಿ ಬೆಳಕು ಕಮ್ಮಿ ಇದ್ದು, ಪರದೆ ಎಳೆದಿದ್ದರೆ ನಿದ್ದೆ. ಆ ಕೋಣೆಯಲ್ಲಿ ನನ್ನ ಮಗ ರಾತ್ರಿ ಎರಡರವರೆಗೆ ಮೊಬೈಲ್ ನೋಡುತ್ತಾನೆ. ಹಾಲ್‌ನಲ್ಲಿ ಮನುಷ್ಯ ಇದ್ದು, ಟಿವಿ ಓಡುತ್ತಿದ್ದರೆ ಟಿವಿ ನೋಡುತ್ತಿದ್ದಾನೆ ಅಂತ. ನಮ್ಮ ಅಪ್ಪ ನಿದ್ದೆ ಮಾಡುವುದೇ ಅಲ್ಲಿ, ಗೊರಕೆ ಸಮೇತ. ಆದರೆ ಟಿವಿ ಆರಿಸಿ ನೋಡಿ, ಕಣ್ಣು ಮುಚ್ಚಿಕೊಂಡೇ 'ನೋಡ್ತಾ ಇದ್ದೆನಲ್ಲೋ, ಯಾಕೆ ಆಫ್ ಮಾಡಿದೆ?' ಅನ್ನುತ್ತಾರೆ. ಇದೊಂದು ವಿಷಯದಲ್ಲಿ ಅಪ್ಪನೂ ಸಿಂಗಪುರವೂ ಒಂದೇ ಪಕ್ಷ.

ಸುಮ್ನೆ ಅವರ ಮೇಲೆ ಗೂಬೆ ಕೂರಿಸಬಾರದು. ಅವರು ಅದನ್ನು ಉದಾಹರಣೆ ಅಂತಲೇ ಬರೆದಿದ್ದರು. ಬೇರೆ ಬೇರೆ ಸಾಧನಗಳು 'ಕೋಣೆ', 'ಮನುಷ್ಯ' ಅನ್ನುವುದನ್ನು ಒಂದೇ ಅರ್ಥದಲ್ಲಿ ಬಳಸಲಿ ಅನ್ನುವ ಆಸೆ ಒಳ್ಳೆಯದೇ. ನಮ್ಮ ಆಫೀಸು ಆ ಉದಾಹರಣೆಗಳನ್ನೇ ಸರಕು ಮಾಡಿ ಮಾರಲು ಹೊರಟಿದೆ, ಕಥೆ ಅಲ್ಲಿ ಕೆಟ್ಟಿದ್ದು.

ಕಾಫಿ ಕುಡಿಯುವುದು ಚಟುವಟಿಕೆಯೋ, ಘಟನೆಯೋ, ಸಭೆಯೋ ಅಂತ ನಮ್ಮಲ್ಲಿ ಮೂರು ವಾರ ಚರ್ಚೆ ನಡೆಯಿತು. ಕೊನೆಗೆ ಯಾರೋ 'ಒನ್ ಬೈ ಟೂ' ಅಂದರೆ ಕಾಫಿ ಒಂದೋ ಎರಡೋ ಅಂತ ಕೇಳಿದರು. ಬಿಲ್ಲಿನಲ್ಲಿ ಒಂದು, ಲೋಟ ಎರಡು, ಜಗಳ ಮೂರನೆಯವನು ಬಂದಾಗ. ಅವತ್ತಿಗೆ ಮೀಟಿಂಗ್ ಮುಂದೂಡಿ ಎಲ್ಲರೂ ಕೆಳಗೆ ಕಾಫಿಗೆ ಹೋದೆವು. ಆ ಇಡೀ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಬಂದ ತೀರ್ಮಾನಗಳೆಲ್ಲ ಆಗಿದ್ದು ಅಲ್ಲೇ. ಸಿಸ್ಟಮ್ ಮಾತ್ರ ಅದನ್ನು 'ಬಳಕೆದಾರ ಇಲ್ಲ' ಅಂತ ದಾಖಲಿಸಿತು.

ನೆಂಟಸ್ತಿಕೆ ಇನ್ನೊಂದು ತಲೆನೋವು. ಜನರನ್ನು ವಿವರಿಸಲು ನಾವು ಎತ್ತಿಕೊಂಡ ಹಳೆಯ ಪದಕೋಶದಲ್ಲಿ ಮುಖ್ಯ ಸಂಬಂಧ ಒಂದೇ: ಇವರು ಅವರನ್ನು ಬಲ್ಲರು. ಷಡ್ಡಕನನ್ನೂ ಬಲ್ಲೆ, ಬೀಗರನ್ನೂ ಬಲ್ಲೆ, ಹಾಲಿನವನನ್ನೂ ಬಲ್ಲೆ. ಮೂವರೂ ಒಟ್ಟಿಗೆ ಬಾಗಿಲಿಗೆ ಬಂದರೆ ಯಾರಿಗೆ ಕಾಫಿ, ಯಾರಿಗೆ ಹೋಳಿಗೆ, ಯಾರಿಗೆ ಚಿಲ್ಲರೆ ಅಂತ ಮನೆ ಹೇಗೆ ನಿರ್ಧರಿಸಬೇಕು? ಇನ್ನು ಅಮ್ಮ. ಮದುವೆಯಾದ ಮೇಲೆ ಒಂದು ದಿನವೂ ಅಪ್ಪನ ಹೆಸರು ಹಿಡಿದು ಕರೆದವರಲ್ಲ. 'ರೀ' ಅಂತಾರೆ. ಆ 'ರೀ'ಗೆ ಮನೆಯ ಸ್ಪೀಕರ್ ತಬ್ಬಿಬ್ಬಾಗುತ್ತದೆ. ಅಪ್ಪ ಮಹಡಿ ಮೇಲಿದ್ದರೂ ಇಳಿದು ಬರುತ್ತಾರೆ.

ಕಾಲದ ಕಥೆ ಕೇಳಲೇಬೇಡಿ. ಎರಡು ಅವಧಿಗಳ ನಡುವೆ ಇರಬಹುದಾದ ಸಂಬಂಧ ಒಟ್ಟು 13 ಅಂತ ಜೇಮ್ಸ್ ಆ್ಯಲೆನ್ ಎನ್ನುವವರು 1983ರಲ್ಲೇ ಲೆಕ್ಕ ಹಾಕಿ ಇಟ್ಟಿದ್ದಾರೆ. ಮೊದಲು, ಆಮೇಲೆ, ತಾಗಿಕೊಂಡು, ಒಳಗೆ, ಹೀಗೆ. ಗಣಿತ ಅಚ್ಚುಕಟ್ಟು. ಆದರೆ ನಾವು ಫೋನಿನಲ್ಲಿ 'ಬಂದೆ, ಬಂದೆ' ಅನ್ನುತ್ತೇವಲ್ಲ, ಅದನ್ನು ಯಾವ ಸಾಲಿಗೆ ಹಾಕುವುದು? ವ್ಯಾಕರಣದ ಪ್ರಕಾರ ಬಂದಾಯಿತು. ವಾಸ್ತವದಲ್ಲಿ ಇನ್ನೂ ಸಾಕ್ಸ್ ಹುಡುಕುತ್ತಿದ್ದೇವೆ. ಮನೆ ಬಿಟ್ಟು ಹೊರಡುವಾಗ 'ಬರ್ತೀನಿ' ಅನ್ನುವ ಜನ ನಾವು. ಇದನ್ನು ಹೇಳಿದಾಗ ನಮ್ಮ ಆಂಟಾಲಜಿ ತಂಡದ ಮುಖ್ಯಸ್ಥರು ಕನ್ನಡವನ್ನು ಎರಡನೇ ಹಂತಕ್ಕೆ ತಳ್ಳಿದರು.

ಗೂಬೆಯಲ್ಲೂ ಒಂದು ಒಳ್ಳೆಯ ಗುಣ ಇದೆ, ಅದನ್ನು ಹೇಳಿಬಿಡುತ್ತೇನೆ. ತನಗೆ ಯಾರೂ ಹೇಳದೇ ಇದ್ದದ್ದು ಸುಳ್ಳು ಅಂತ ಅದು ತಿಳಿಯುವುದಿಲ್ಲ. ಗೊತ್ತಿಲ್ಲ ಅನ್ನುತ್ತದೆ, ಅಷ್ಟೇ. ಅಪ್ಪ ಬದುಕಿದ್ದಾರೆ ಅಂತ ನೀವು ಬರೆದುಕೊಡದಿದ್ದರೆ, ಅವರು ಸತ್ತರು ಅಂತ ಅದು ತೀರ್ಮಾನಿಸುವುದಿಲ್ಲ. ಪೆನ್ಷನ್ ಕೊಡುವವರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅವರಿಗೆ ವರ್ಷಕ್ಕೊಮ್ಮೆ ಬರೆದುಕೊಡಲೇಬೇಕು. ಈಗ ಅದನ್ನೂ ಸ್ಮಾರ್ಟ್ ಮಾಡಿದ್ದಾರೆ. ಮುಖ ತೋರಿಸಿದರೆ ಸಾಕು.

ಕಳೆದ ನವೆಂಬರಿನಲ್ಲಿ ಅಪ್ಪನ ಮುಖಕ್ಕೆ ಫೋನ್ ಹಿಡಿದೆ. ಕಣ್ಣು ಮಿಟುಕಿಸಿ ಅಂತು. ಮಿಟುಕಿಸಿದರು. ಬೆಳಕು ಸಾಲದು ಅಂತು. ಬಾಲ್ಕನಿಗೆ ಕರೆದುಕೊಂಡು ಹೋದೆ. ಬೆಳಕು ಜಾಸ್ತಿ ಆಯಿತು. ಕನ್ನಡಕ ತೆಗೆಸಿದೆ. ಕನ್ನಡಕ ತೆಗೆದ ಮೇಲೆ ಅಪ್ಪನಿಗೆ ಫೋನೇ ಕಾಣಲಿಲ್ಲ. ಎದುರಿನ ಕಾಂಪೌಂಡ್ ನೋಡಿ ಮಿಟುಕಿಸತೊಡಗಿದರು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

'ಕೈ ಏನಾದ್ರೂ ಬೀಸಬೇಕೇನೋ?' ಅಂತ ಕೇಳಿದರು ಅಪ್ಪ.

'ರೀ, ಊಟಕ್ಕೆ ಬನ್ನಿ, ಸಾರು ಆರಿಹೋಗ್ತಿದೆ,' ಅಂತ ಒಳಗಿನಿಂದ ಅಮ್ಮ ಕೂಗಿದರು.

'ಬಂದೆ' ಅಂದರು ಅಪ್ಪ, ಕೂತಲ್ಲಿಂದ ಅಲ್ಲಾಡದೆ, ಇನ್ನೊಮ್ಮೆ ಮಿಟುಕಿಸುತ್ತಾ.